ಬೀರುವಿನ ಬೀಗ ಮತ್ತು ನಮ್ಮ ಮಕ್ಕಳ ಓದು

2025ರ ಮೇ 20ರ ರಾತ್ರಿ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಘೋಷಣೆಯಾಯಿತು. ಹಾಸನದ ಬಾನು ಮುಷ್ತಾಕ್ ಅವರು ಕನ್ನಡದಲ್ಲಿ ಬರೆದ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಆ ಗೌರವಕ್ಕೆ ಪಾತ್ರವಾಯಿತು. ಕನ್ನಡದ ಕೃತಿಯೊಂದಕ್ಕೆ ಈ ಪ್ರಶಸ್ತಿ ದೊರೆತದ್ದು ಅದೇ ಮೊದಲು. ಸಣ್ಣಕತೆಗಳ ಸಂಕಲನಕ್ಕೆ ದೊರೆತದ್ದೂ ಅದೇ ಮೊದಲು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ವಾರದಲ್ಲೇ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕನ್ನಡದ ಪಾಠ ಮುಗಿದ ಮೇಲೆ ನನ್ನ ಹಿಂದೆಯೇ ಬಂದಳು. “ಮೇಡಂ, ಅವರು ನಮ್ಮ ಹಾಸನದವರೇ ಅಂತೆ, ನಿಜವೇ?” ಎಂದು ಕೇಳಿದಳು. ನಿಜವೆಂದೆ. “ಹಾಗಾದರೆ ಅವರ ಪುಸ್ತಕ ನಮ್ಮ ಲೈಬ್ರರಿಯಲ್ಲಿ ಇರಬೇಕಲ್ಲ?” ಎಂದಳು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇರಲಿಲ್ಲ ಎನ್ನುವುದಕ್ಕಿಂತ, ಹೇಳಲು ನಾಚಿಕೆಯಾಯಿತು ಎನ್ನುವುದೇ ಸರಿ. ಮಾದಿಹಳ್ಳಿ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ನನಗೆ ಗ್ರಂಥಾಲಯದ ಹೊಣೆಯೂ ಇದೆ. ಗ್ರಂಥಪಾಲಕರೆಂಬ ಪ್ರತ್ಯೇಕ ಹುದ್ದೆ ನಮ್ಮಲ್ಲಿಲ್ಲ. ಗ್ರಂಥಾಲಯವೆಂದರೆ ಶಿಕ್ಷಕರ ಕೊಠಡಿಯ ಮೂಲೆಯಲ್ಲಿರುವ ಎರಡು ಕಬ್ಬಿಣದ ಬೀರುಗಳು, ಒಂದು ದಾಸ್ತಾನು ಪುಸ್ತಕ ಮತ್ತು ನನ್ನ ಪರ್ಸಿನಲ್ಲಿರುವ ಒಂದು ಬೀಗದ ಕೈ. ಹೊಣೆ ವಹಿಸಿಕೊಂಡ ದಿನ ಹಿರಿಯರೊಬ್ಬರು ನನಗೆ ಹೇಳಿದ್ದ ಕಿವಿಮಾತು ಒಂದೇ: ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ನೀವು. ಆ ಮಾತನ್ನು ನಾನು ಎಷ್ಟು ಗಂಭೀರವಾಗಿ ತೆಗೆದುಕೊಂಡೆನೆಂದರೆ, ವರ್ಷಗಟ್ಟಲೆ ಒಂದು ಪುಸ್ತಕವೂ ಕಳೆಯಲಿಲ್ಲ. ಏಕೆಂದರೆ ಒಂದು ಪುಸ್ತಕವೂ ಹೊರಗೆ ಹೋಗಲಿಲ್ಲ.

ಅಂದು ಸಂಜೆ ಬೀರು ತೆರೆದೆ. ಬಾನು ಮುಷ್ತಾಕರ ಒಂದು ಪುಸ್ತಕವೂ ಅದರಲ್ಲಿರಲಿಲ್ಲ. ಇದ್ದ ಪುಸ್ತಕಗಳಲ್ಲಿ ಹಲವು, ಬಂದ ದಿನ ಕಟ್ಟಿದ್ದ ಸೆಣಬಿನ ದಾರವನ್ನೂ ಬಿಚ್ಚದೆ ಹಾಗೆಯೇ ಕುಳಿತಿದ್ದವು. ಕೆಲವಕ್ಕೆ ಗೆದ್ದಲು ಹತ್ತಿತ್ತು. ಮಕ್ಕಳ ಕೈಗೆ ಸಿಕ್ಕರೆ ಹಾಳಾದೀತೆಂದು ಕಾಪಾಡಿದ ಪುಸ್ತಕವನ್ನು ಹುಳು ಓದಿ ಮುಗಿಸಿತ್ತು.

ಇದನ್ನು ಬರೆಯುವಾಗ ನನ್ನ ತಂದೆಯ ನೆನಪಾಗುತ್ತದೆ. ಅಬ್ಬಾ ಗುಜರಿ ವ್ಯಾಪಾರಿ. ತಳ್ಳುಗಾಡಿಯಲ್ಲಿ ಊರೂರು ಸುತ್ತಿ ಹಳೆಯ ಕಬ್ಬಿಣ, ಪ್ಲಾಸ್ಟಿಕ್, ರದ್ದಿ ಕಾಗದ ಕೊಳ್ಳುತ್ತಿದ್ದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೆ ರದ್ದಿಯಲ್ಲಿ ಚಿತ್ರವಿರುವ ಪುಸ್ತಕವೋ ವಾರಪತ್ರಿಕೆಯೋ ಕಂಡರೆ ಅದನ್ನು ತಕ್ಕಡಿಗೆ ಹಾಕದೆ ಬದಿಗಿರಿಸಿ ನನಗೆ ತಂದುಕೊಡುತ್ತಿದ್ದರು. ಮೊದಲ ಪುಟವಿಲ್ಲದ, ಕೊನೆಯ ಪುಟವಿಲ್ಲದ ಎಷ್ಟೋ ಕತೆಗಳನ್ನು ನಾನು ಹಾಗೆ ಓದಿದ್ದೇನೆ. ಕಿಲೋ ಲೆಕ್ಕದಲ್ಲಿ ಕಾಗದ ಮಾರಿ ಹೊಟ್ಟೆ ಹೊರೆಯುತ್ತಿದ್ದ ಮನುಷ್ಯ ತನ್ನ ಲಾಭ ಬಿಟ್ಟು ಮಗಳಿಗೆ ಪುಸ್ತಕ ಕೊಟ್ಟರು. ಆ ಮಗಳು ಸಂಬಳ ಪಡೆಯುತ್ತಾ ಪುಸ್ತಕಕ್ಕೆ ಬೀಗ ಹಾಕಿದಳು.

ಆ ವಾರವೇ ಬೀರುವಿನ ಬಾಗಿಲು ತೆರೆಯಿತು. ಶನಿವಾರದ ತರಗತಿ ಮುಗಿದ ಮೇಲೆ ಒಂದು ಗಂಟೆ ಪುಸ್ತಕ ಕೊಡುವುದೆಂದು ಗೊತ್ತುಮಾಡಿದೆ. ಆದರೆ ಹಳೆಯ ಭಯ ಪೂರ್ತಿ ಹೋಗಿರಲಿಲ್ಲ. ಪುಸ್ತಕ ಕಳೆದರೆ ಅಥವಾ ಹಾಳಾದರೆ ಬೆಲೆಯ ಮೂರು ಪಟ್ಟು ದಂಡವೆಂದು ಬೋರ್ಡಿನ ಮೇಲೆ ನಾನೇ ಬರೆದೆ.

ಪ್ರಶ್ನೆ ಕೇಳಿದ್ದ ಹುಡುಗಿಯೇ ಮೊದಲು ಬಂದಳು. ಅವಳ ಬಗ್ಗೆ ಸ್ವಲ್ಪ ಹೇಳಬೇಕು. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಎಂಟಕ್ಕೆ ಕನ್ನಡ ಮಾಧ್ಯಮಕ್ಕೆ ಬಂದವಳು. ನಮ್ಮ ಕಡೆಯ ಎಷ್ಟೋ ಮಕ್ಕಳ ಕತೆ ಇದೇ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಮಾತ್ರ ಮಾತಿಗಿಂತ ಬೇರೆಯದೇ ಆದ ಕನ್ನಡ. ಗಟ್ಟಿಯಾಗಿ ಓದೆಂದರೆ ಒತ್ತಕ್ಷರಗಳ ಬಳಿ ಎಡವುತ್ತಿದ್ದಳು, ಹಿಂದಿನ ಬೆಂಚಿನಿಂದ ನಗು ಕೇಳಿಬರುತ್ತಿತ್ತು. ಕಲಿಕೆಯಲ್ಲಿ ಹಿಂದುಳಿದವಳೆಂದು ನಾವು ಶಿಕ್ಷಕರೂ ನಿರ್ಧರಿಸಿಬಿಟ್ಟಿದ್ದೆವು.

ಅವಳಿಗೆ ನಾನು ಬಾನು ಮುಷ್ತಾಕರ ಬಾಲ್ಯದ ಸಂಗತಿಯೊಂದನ್ನು ಹೇಳಿದೆ. ಎಂಟನೆಯ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸುವಾಗ, ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕೆಂಬ ಷರತ್ತು ಹಾಕಿದ್ದರಂತೆ. ಆ ಬಾಲಕಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಷರತ್ತಿನ ಮೇಲೆ ಕಲಿತ ಭಾಷೆಯೇ ಅವರನ್ನು ಲಂಡನ್ನಿನ ವೇದಿಕೆಗೆ ಕರೆದೊಯ್ದಿತು. ಹುಡುಗಿ ಕಣ್ಣರಳಿಸಿ ಕೇಳಿದಳು. ಅವಳ ಕೈಗೆ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಕೊಟ್ಟೆ.

ಜುಲೈ ತಿಂಗಳು. ಬೇಲೂರಿನ ಕಡೆ ಮಳೆ ಹಿಡಿದರೆ ಬಿಡುವುದಲ್ಲ. ಸೋಮವಾರ ಆ ಹುಡುಗಿ ಶಾಲೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಗುರುವಾರ ಅವಳ ಗೆಳತಿಯನ್ನು ಕೇಳಿದರೆ ತಲೆ ತಗ್ಗಿಸಿದಳು. ಹೆಣ್ಣುಮಕ್ಕಳು ಹೀಗೆ ಶಾಲೆಗೆ ಬರುವುದು ನಿಂತಾಗ ನಮ್ಮ ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೆಂದು ಶಿಕ್ಷಕರಾದವರಿಗೆ ಹೇಳಬೇಕಿಲ್ಲ. ಸಂಜೆ ಕೊಡೆ ಹಿಡಿದು ಅವರ ಮನೆಗೆ ಹೋದೆ.

ಹೆಂಚಿನ ಮನೆ. ಸೋರುವ ಕಡೆ ಪಾತ್ರೆ ಇಟ್ಟಿದ್ದರು. ನನ್ನನ್ನು ಕಂಡದ್ದೇ ಹುಡುಗಿ ಒಳಗೆ ಓಡಿದಳು. ಅವಳ ತಂದೆ ಶುಂಠಿ ಗದ್ದೆಯ ಕೂಲಿ ಮುಗಿಸಿ ಆಗತಾನೆ ಬಂದಿದ್ದರು. ಕೈ ಒರೆಸಿಕೊಳ್ಳುತ್ತಾ, “ಮೇಡಂ, ಪುಸ್ತಕಕ್ಕೆ ಎಷ್ಟು ಕೊಡಬೇಕು ಹೇಳಿ. ಶನಿವಾರ ಬಟವಾಡೆ ಆಗುತ್ತದೆ, ಕೊಟ್ಟುಬಿಡುತ್ತೇನೆ” ಎಂದರು. ಆಗ ನನಗೆ ವಿಷಯ ತಿಳಿಯಿತು. ರಾತ್ರಿ ಓದುತ್ತಾ ದಿಂಬಿನ ಪಕ್ಕ ಇಟ್ಟು ಮಲಗಿದ್ದ ಪುಸ್ತಕದ ಮೇಲೆ ಹೆಂಚಿನ ನೀರು ಸುರಿದಿತ್ತು. ಒಲೆಯ ಬಳಿ ಒಣಗಿಸಿದ್ದರು. ಹಾಳೆಗಳು ಉಬ್ಬಿ, ಪುಸ್ತಕ ಇಮ್ಮಡಿ ದಪ್ಪವಾಗಿತ್ತು. ಮೂರು ಪಟ್ಟು ದಂಡ ಎಲ್ಲಿಂದ ತರುವುದೆಂದು ಹೆದರಿ ಹುಡುಗಿ ಶಾಲೆಯನ್ನೇ ಬಿಟ್ಟು ಕೂತಿದ್ದಳು.

ನಾಲ್ಕು ದಿನ ಒಂದು ಮಗುವನ್ನು ಶಾಲೆಯಿಂದ ಹೊರಗಿಟ್ಟದ್ದು ಬಡತನವೂ ಅಲ್ಲ, ತಂದೆಯ ಹಟವೂ ಅಲ್ಲ. ಬೋರ್ಡಿನ ಮೇಲೆ ನಾನು ಬರೆದ ಒಂದು ಸಾಲು.

ಏನು ಹೇಳುವುದೆಂದು ತೋಚದೆ ನಾನು ಅವಳಿಗೆ ಮಲಯಾಳದ ದೊಡ್ಡ ಲೇಖಕ ವೈಕಂ ಮುಹಮ್ಮದ್ ಬಷೀರರ ಕತೆ ಹೇಳಿದೆ. 1959ರಲ್ಲಿ ಪ್ರಕಟವಾದ, ಪಾತುಮ್ಮಳ ಆಡಿನ ಆ ಕತೆ ಕನ್ನಡಕ್ಕೂ ಬಂದಿದೆ. ಬಷೀರರ ತಂಗಿಯ ಆಡು ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಒಂದು ದಿನ ಲೇಖಕರ ಸ್ವಂತ ಪುಸ್ತಕಗಳನ್ನೇ ತಿನ್ನಲು ಶುರುಮಾಡುತ್ತದೆ. ಅವರು ಸುಮ್ಮನೆ ನೋಡುತ್ತಾರೆ. ಆಮೇಲೆ ಅದು ಅವರ ಕಂಬಳಿಗೆ ಬಾಯಿ ಹಾಕಿದಾಗ ಮಾತ್ರ ಓಡಿ ಬಂದು ತಡೆಯುತ್ತಾರೆ. ಪುಸ್ತಕಕ್ಕಾದರೆ ಬೇರೆ ಪ್ರತಿಗಳಿವೆ, ಕಂಬಳಿಗೆ ಇನ್ನೊಂದು ಪ್ರತಿ ಇಲ್ಲ ಎಂಬುದು ಅವರ ವಾದ. ಹುಡುಗಿ ಬಾಗಿಲ ಹಿಂದಿನಿಂದಲೇ ನಕ್ಕಳು. ಅವಳ ತಂದೆಯೂ ನಕ್ಕರು. ನನಗೆ ಮಾತ್ರ ಆ ತಮಾಷೆಯ ಮಾತು ಬೇರೆಯೇ ಅರ್ಥದಲ್ಲಿ ನಾಟಿತು. ಪುಸ್ತಕಕ್ಕೆ ಇನ್ನೊಂದು ಪ್ರತಿ ಸಿಗುತ್ತದೆ. ಹೆದರಿ ಓದು ಬಿಟ್ಟ ಮಗುವಿಗೆ ಇನ್ನೊಂದು ಪ್ರತಿ ಇಲ್ಲ.

ಮರುದಿನ ಬೋರ್ಡಿನ ಸಾಲನ್ನು ಅಳಿಸಿದೆ. ಹುಡುಗಿ ಶಾಲೆಗೆ ಬಂದಳು.

ಅಂದಿನಿಂದ ಈವರೆಗೆ ನಾನು ಮಕ್ಕಳೊಂದಿಗೆ ಓದಿದ, ಅಥವಾ ಅವರಿಗೆ ಕೊಡುವ ಮೊದಲು ನಾನೇ ಓದಿನೋಡಿದ ಕೆಲವು ಪುಸ್ತಕಗಳನ್ನು ಇಲ್ಲಿ ಹೇಳಬಯಸುತ್ತೇನೆ. ಮನೆಯಲ್ಲಿ ಮಕ್ಕಳಿರುವ ಸಹೋದರ ಸಹೋದರಿಯರಿಗೆ ಉಪಯೋಗವಾದೀತು.

ಹತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಮೊದಲು ಕೊಡಬೇಕಾದದ್ದು ಜಪಾನಿನ ತೆತ್ಸುಕೊ ಕುರೊಯನಾಗಿ ಅವರ ‘ತೊತ್ತೊ-ಚಾನ್’. ತುಂಟಿಯೆಂದು ಒಂದು ಶಾಲೆಯಿಂದ ಹೊರಹಾಕಲ್ಪಟ್ಟ ಪುಟ್ಟ ಹುಡುಗಿ ಇನ್ನೊಂದು ಶಾಲೆಗೆ ಬರುತ್ತಾಳೆ. ಅಲ್ಲಿ ತರಗತಿಗಳು ನಡೆಯುವುದು ಹಳೆಯ ರೈಲು ಡಬ್ಬಿಗಳಲ್ಲಿ. ಮೊದಲ ದಿನವೇ ಮುಖ್ಯೋಪಾಧ್ಯಾಯ ಕೊಬಾಯಾಶಿಯವರು ನಾಲ್ಕು ಗಂಟೆ ಕಾಲ ಅವಳ ಮಾತನ್ನು ಬೇಸರವಿಲ್ಲದೆ ಕೇಳುತ್ತಾರೆ. ಒಂದು ರಾತ್ರಿ ಹೊಸ ಡಬ್ಬಿಯೊಂದು ಬರುತ್ತದೆ, ಅದು ಶಾಲೆಯ ಗ್ರಂಥಾಲಯವಾಗುತ್ತದೆ. ಅಲ್ಲಿ ಯಾವ ಮಗು ಯಾವ ಪುಸ್ತಕವನ್ನಾದರೂ ತೆಗೆಯಬಹುದು. ಆ ಅಧ್ಯಾಯವನ್ನು ಓದುವಾಗ ನನ್ನ ಎರಡು ಬೀರುಗಳು ನೆನಪಾಗಿ ಪುಸ್ತಕ ಮುಚ್ಚಿಟ್ಟೆ. ಎರಡನೆಯ ಮಹಾಯುದ್ಧದ ಬಾಂಬಿಗೆ ಸಿಕ್ಕಿ 1945ರಲ್ಲಿ ಸುಟ್ಟುಹೋದ ಆ ಶಾಲೆ ಈ ಪುಸ್ತಕದಲ್ಲಿ ಇನ್ನೂ ನಡೆಯುತ್ತಿದೆ. ಇದನ್ನು ಮಕ್ಕಳಿಗಿಂತ ಮೊದಲು ತಂದೆತಾಯಿಗಳು ಓದಬೇಕು, ಶಿಕ್ಷಕರಂತೂ ಓದಲೇಬೇಕು.

ಅದೇ ವಯಸ್ಸಿನವರಿಗೆ ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಯನ್ನೂ ಕೊಡಬಹುದು. 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕೃತಿ. ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ ಗಾಂಧಿಯನ್ನು ಕಂಡ ಮಕ್ಕಳಿಗೆ, ಆ ಅಜ್ಜನೂ ಒಮ್ಮೆ ಹೆದರುತ್ತಿದ್ದ, ತಪ್ಪು ಮಾಡುತ್ತಿದ್ದ ಹುಡುಗನಾಗಿದ್ದನೆಂಬುದು ದೊಡ್ಡ ಸಮಾಧಾನ. ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯವನ್ನು ಕಲಿಸಲು ಹತ್ತು ಉಪದೇಶಗಳಿಗಿಂತ ಇಂತಹ ಒಂದು ಕತೆ ಹೆಚ್ಚು ಕೆಲಸ ಮಾಡುತ್ತದೆ.

ಎಂಟರಿಂದ ಹತ್ತನೆಯ ತರಗತಿಯವರಿಗೆ ತೇಜಸ್ವಿಯವರಿಗಿಂತ ಒಳ್ಳೆಯ ಬಾಗಿಲು ನನಗೆ ಕಂಡಿಲ್ಲ. ಅವರು ಬದುಕಿದ್ದು ನಮ್ಮ ನೆರೆಯ ಮೂಡಿಗೆರೆಯಲ್ಲಿ. ‘ಪರಿಸರದ ಕತೆ’ಯಲ್ಲಿ ಬರುವ ನಾಯಿ, ಹಕ್ಕಿ, ಮೀನು, ಕಾಡು, ಮನುಷ್ಯರೆಲ್ಲ ನಮ್ಮ ಮಕ್ಕಳು ದಿನವೂ ಕಾಣುವವರೇ. ಪುಸ್ತಕದ ಭಾಷೆ ತನ್ನ ಬೀದಿಯ ಭಾಷೆಯಂತಿರುವುದನ್ನು ಕಂಡಾಗ ಎಡವುವ ಮಗುವೂ ಮುಂದಿನ ಪುಟಕ್ಕೆ ಹೋಗುತ್ತದೆ. ಅದು ಮುಗಿದ ಮೇಲೆ ‘ಕರ್ವಾಲೊ’ ಕೊಡಿ. ಜೇನು ಸಾಕುವ ಹಳ್ಳಿಗ ಮಂದಣ್ಣನಲ್ಲಿ ಒಬ್ಬ ವಿಜ್ಞಾನಿಯನ್ನು ಗುರುತಿಸುವ ಕರ್ವಾಲೊ, ಹಾರುವ ಓತಿಯನ್ನು ಹುಡುಕುತ್ತಾ ಕಾಡು ಹೊಕ್ಕ ತಂಡ, ಅಡುಗೆಯ ಪ್ಯಾರ: ಎಲ್ಲರೂ ಮಕ್ಕಳಿಗೆ ಪರಿಚಿತರಾಗಿಬಿಡುತ್ತಾರೆ. ಶಾಲೆ ‘ದಡ್ಡ’ ಎಂದು ಕರೆದವನ ಕಣ್ಣಿಗೆ ಉಳಿದವರಿಗೆ ಕಾಣದ್ದು ಕಂಡಿರಬಹುದೆಂಬ ಮಾತು ಹಿಂದಿನ ಬೆಂಚಿನವರಿಗೂ ತಲುಪುತ್ತದೆ, ನಮಗೂ ತಲುಪಬೇಕು.

ಎ.ಪಿ.ಜೆ. ಅಬ್ದುಲ್ ಕಲಾಮ್ ಅವರ ಆತ್ಮಕತೆ ‘ಅಗ್ನಿಯ ರೆಕ್ಕೆಗಳು’ ಎಂದು ಕನ್ನಡಕ್ಕೆ ಬಂದಿದೆ. ರಾಕೆಟ್ಟುಗಳ ಅಧ್ಯಾಯಗಳು ಕೆಲವು ಮಕ್ಕಳಿಗೆ ಕಷ್ಟವಾದಾವು. ಆದರೆ ರಾಮೇಶ್ವರದ ಬಾಲ್ಯದ ಪುಟಗಳನ್ನು ಯಾರೂ ಬಿಡಬಾರದು. ಓಡುವ ರೈಲಿನಿಂದ ಎಸೆದ ಪತ್ರಿಕೆಯ ಕಟ್ಟುಗಳನ್ನು ಹಿಡಿದು ಹಂಚಲು ನೆರವಾಗುತ್ತಿದ್ದ ಹುಡುಗ ಅವರು. ಟೋಪಿ ಧರಿಸಿದ ಅವರನ್ನು ಹೊಸ ಉಪಾಧ್ಯಾಯರೊಬ್ಬರು ಗೆಳೆಯ ರಾಮನಾಥ ಶಾಸ್ತ್ರಿಯ ಪಕ್ಕದಿಂದ ಎಬ್ಬಿಸಿ ಹಿಂದಿನ ಬೆಂಚಿಗೆ ಕಳುಹಿಸಿದ ಪ್ರಸಂಗವಿದೆ. ಆಗ ಆ ಉಪಾಧ್ಯಾಯರನ್ನು ಕರೆಸಿ ತಿದ್ದಿದವರು ಆ ಗೆಳೆಯನ ತಂದೆ, ರಾಮೇಶ್ವರದ ದೇವಸ್ಥಾನದ ಹಿರಿಯ ಅರ್ಚಕ ಲಕ್ಷ್ಮಣ ಶಾಸ್ತ್ರಿಗಳು. ಈ ಭಾಗವನ್ನು ತರಗತಿಯಲ್ಲಿ ಓದಿದಾಗ ಯಾರೂ ಏನೂ ಹೇಳಲಿಲ್ಲ. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಇಬ್ಬರು ಹುಡುಗರು ತಮ್ಮ ಕುಳಿತುಕೊಳ್ಳುವ ಜಾಗ ಬದಲಿಸಿದ್ದನ್ನು ಮಾತ್ರ ಕಂಡೆ.

ಎಸ್ಸೆಸ್ಸೆಲ್ಸಿ ದಾಟಿದವರಿಗೆ ಬಾನು ಮುಷ್ತಾಕರ ಕತೆಗಳನ್ನೂ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನೂ ಸೂಚಿಸುತ್ತೇನೆ. ಇವು ಎಳೆಯ ಮಕ್ಕಳಿಗಲ್ಲ. ಹದಿನಾರು ದಾಟಿದ ಮೇಲೆ, ಸಾಧ್ಯವಾದರೆ ತಾಯಿಯೊಂದಿಗೆ ಓದಬೇಕಾದವು. ತಂದೆಯ ಹಟ, ಗಂಡನ ಅವಸರ ಇವುಗಳ ನಡುವೆ ಸಿಕ್ಕ ನಾದಿರಾಳ ಪಾಡನ್ನು ಓದಿ ನಮ್ಮವರಲ್ಲಿ ಕೆಲವರಿಗೆ ಸಿಟ್ಟು ಬರಬಹುದು, ಹಿಂದೆ ಬಂದದ್ದೂ ಉಂಟು. ಎಲ್ಲ ಮಾತಿಗೂ ಒಪ್ಪಬೇಕೆಂದು ನಾನು ಹೇಳುವುದಿಲ್ಲ. ಆದರೆ ಧರ್ಮ ಹೇಳಿದ್ದಕ್ಕೂ ಧರ್ಮದ ಹೆಸರಿನಲ್ಲಿ ನಾವು ಮನೆಯೊಳಗೆ ನಡೆಸಿದ್ದಕ್ಕೂ ಇರುವ ಅಂತರವನ್ನು ನಮ್ಮ ಹೆಣ್ಣುಮಕ್ಕಳು ಓದಿ ತಿಳಿಯಲಿ. ನಮ್ಮ ಗಂಡುಮಕ್ಕಳು ಇನ್ನೂ ಮೊದಲೇ ತಿಳಿಯಲಿ.

ಕತೆ ಓದಿದರೆ ಮಕ್ಕಳು ಕೆಡುತ್ತಾರೆ, ಕತೆಯೆಂದರೆ ಸುಳ್ಳಲ್ಲವೇ ಎಂದು ಕೇಳುವ ತಂದೆತಾಯಿಗಳು ನನಗೆ ಸಿಕ್ಕಿದ್ದಾರೆ. ಅವರ ಆತಂಕವನ್ನು ಹಗುರವಾಗಿ ಕಾಣಲಾರೆ, ಮಗುವಿನ ಮೇಲಿನ ಪ್ರೀತಿಯೇ ಆ ಪ್ರಶ್ನೆ ಕೇಳಿಸುವುದು. ಅವರಿಗೆ ನಾನು ಎರಡು ಸಂಗತಿ ನೆನಪಿಸುತ್ತೇನೆ. ಹಿರಾ ಗುಹೆಯಲ್ಲಿ ಅವತೀರ್ಣವಾದ ಮೊದಲ ಆಜ್ಞೆಯೇ ಓದಬೇಕೆಂಬುದು. ಅದು ಬಂದದ್ದು ಅಕ್ಷರ ಕಲಿಯದ ಪ್ರವಾದಿಯವರಿಗೆ(ಸ). ಬದ್ರ್ ಯುದ್ಧದ ಕೈದಿಗಳಲ್ಲಿ ಅಕ್ಷರ ಬಲ್ಲವರು ಮದೀನಾದ ಹತ್ತು ಮಕ್ಕಳಿಗೆ ಓದುಬರಹ ಕಲಿಸಿದರೆ ಅದೇ ಬಿಡುಗಡೆಯ ಮೊತ್ತವೆಂದು ಗೊತ್ತುಮಾಡಿದ್ದನ್ನು ಚರಿತ್ರಕಾರರು ದಾಖಲಿಸಿದ್ದಾರೆ. ಕಲಿಸಿದವರು ಶತ್ರುಗಳು, ಕಲಿತವರು ಮುಸ್ಲಿಮ್ ಮಕ್ಕಳು. ಇನ್ನು ಕತೆಯ ಮಾತು: ಪ್ರವಾದಿ ಯೂಸುಫರ ಬಾಲ್ಯ, ಬಾವಿ, ಸೆರೆಮನೆ, ಕ್ಷಮೆಯ ವೃತ್ತಾಂತವನ್ನು ಒಂದು ಇಡೀ ಅಧ್ಯಾಯವಾಗಿ ನಮ್ಮ ಮುಂದಿಟ್ಟದ್ದು ಕುರ್‌ಆನೇ ಅಲ್ಲವೇ? ಮನುಷ್ಯರು ಬರೆದ ಕತೆ ಅದಕ್ಕೆ ಸಮವೆಂದು ಹೇಳುತ್ತಿಲ್ಲ. ಮನುಷ್ಯನ ಮನಸ್ಸು ವೃತ್ತಾಂತದ ಮೂಲಕ ಕಲಿಯುತ್ತದೆ ಎಂಬುದನ್ನು ಅದನ್ನು ಸೃಷ್ಟಿಸಿದವನೇ ಬಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಕನ್ನಡ ನಮ್ಮದಲ್ಲವೆಂಬ ಅಳುಕು ಕೆಲವು ಮಕ್ಕಳಲ್ಲಿದೆ. ಅವರನ್ನು ಹಲ್ಮಿಡಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದಾದ, ಸುಮಾರು ಕ್ರಿ.ಶ. 450ರ ಶಾಸನ ಸಿಕ್ಕಿದ್ದು ನಮ್ಮ ಬೇಲೂರು ತಾಲ್ಲೂಕಿನ ಆ ಹಳ್ಳಿಯಲ್ಲಿ. ಮೂಲ ಶಿಲೆ ಮೈಸೂರಿನಲ್ಲಿದೆ, ಊರಿನ ಮಂಟಪದಲ್ಲಿ ಅದರ ಪ್ರತಿಕೃತಿ ಇದೆ. ಆ ಅಕ್ಷರಗಳು ಹುಟ್ಟಿದ ಮಣ್ಣಿನಲ್ಲೇ ಹುಟ್ಟಿದ ಮಗು ಆ ಅಕ್ಷರಗಳಿಗೆ ಅಪರಿಚಿತನಾಗಬಾರದು.

ಈ ವಿಷಯದಲ್ಲಿ ಮೈಸೂರಿನ ರಾಜೀವ್ ನಗರದ ಸೈಯದ್ ಇಸಾಕ್ ಅವರನ್ನು ನೆನೆಯದಿರಲಾರೆ. ಶಾಲೆಯಲ್ಲಿ ಕಲಿಯದ, ಕೂಲಿ ಮಾಡಿ ಬದುಕುವ ಆ ಹಿರಿಯರು ತಮ್ಮ ದುಡಿಮೆಯಿಂದ ಸಾರ್ವಜನಿಕರಿಗಾಗಿ ಕನ್ನಡ ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲ್ 9ರ ಬೆಳಗಿನ ಜಾವ ಅದು ಬೆಂಕಿಗೆ ಆಹುತಿಯಾಯಿತು. ಸುಮಾರು 11,000 ಪುಸ್ತಕಗಳು ಸುಟ್ಟುಹೋದವು. ಮತ್ತೆ ಕಟ್ಟುತ್ತೇನೆ ಎಂದರು ಅವರು, ನಾಡಿನ ಉದ್ದಗಲದಿಂದ ಜನ ನೆರವಿಗೆ ಬಂದರು. ತಾನು ಓದಲಾಗದ ಪುಸ್ತಕವನ್ನು ಇತರರು ಓದಲೆಂದು ತೆರೆದಿಟ್ಟ ಆ ಮನುಷ್ಯನ ಮುಂದೆ ನನ್ನ ಬೀಗದ ಕೈ ಬಹಳ ಚಿಕ್ಕದು. ಅವರ ಸುದ್ದಿ ಓದಿದಾಗ ನನಗೆ ಅಬ್ಬಾ ನೆನಪಾಗಿದ್ದರು.

ಕೊನೆಗೆ, ಅನುಭವದಿಂದ ಕಲಿತ ನಾಲ್ಕು ಮಾತು. ದಿನಕ್ಕೆ ಹದಿನೈದು ನಿಮಿಷ ಮನೆಯಲ್ಲಿ ಯಾರಾದರೊಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಲಿ. ಓದಲು ಬಾರದ ತಾಯಿಗೆ ಮಗಳು ಓದಿ ಹೇಳುವುದು ಇಬ್ಬರಿಗೂ ಪಾಠ. ಓದಿದ ಮೇಲೆ ಸಾರಾಂಶ ಹೇಳು, ನೀತಿ ಹೇಳು ಎಂದು ಮಗುವನ್ನು ಪರೀಕ್ಷಿಸಬೇಡಿ. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡುವ ಹಕ್ಕು ದೊಡ್ಡವರಂತೆ ಅವರಿಗೂ ಇರಲಿ. ಹಣವಿಲ್ಲವೆಂದು ಕೈಚೆಲ್ಲಬೇಡಿ: ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಹಬ್ಬಕ್ಕೆ ಮಕ್ಕಳಿಗೆ ಕೊಡುವ ಈದಿಯಲ್ಲಿ ಒಂದು ಪಾಲು ಪುಸ್ತಕವಾಗಲಿ. ಮತ್ತು ಪುಸ್ತಕ ಹರಿದರೆ, ದಯವಿಟ್ಟು, ಮಗುವನ್ನು ಬೈಯಬೇಡಿ.

ನೀರಿನಲ್ಲಿ ನೆನೆದು ಉಬ್ಬಿದ ಆ ‘ಪರಿಸರದ ಕತೆ’ಯನ್ನು ನಾನು ದಾಸ್ತಾನಿನಿಂದ ತೆಗೆದುಹಾಕಲಿಲ್ಲ. ಹೊಸ ಪ್ರತಿಯೊಂದನ್ನು ಕೊಂಡು ತಂದು ಅದರ ಪಕ್ಕದಲ್ಲೇ ಇಟ್ಟೆ. ಆಶ್ಚರ್ಯವೆಂದರೆ ಮಕ್ಕಳು ಹಳೆಯದನ್ನೇ ಮೊದಲು ಕೇಳುತ್ತಾರೆ. ಅದು ಹೇಗೂ ಹಾಳಾಗಿದೆ, ಕೈಯಲ್ಲಿ ಹಿಡಿಯಲು ಹೆದರಬೇಕಿಲ್ಲ ಎಂಬುದು ಅವರ ಲೆಕ್ಕ. ಆ ಹುಡುಗಿ ಈಗ ಒತ್ತಕ್ಷರಗಳ ಬಳಿ ಸ್ವಲ್ಪ ಕಡಿಮೆ ಎಡವುತ್ತಾಳೆ. ಬಾನು ಮುಷ್ತಾಕರ ಪುಸ್ತಕವೂ ಹಾಸನದಿಂದ ಬಂದಿದೆ. ಹತ್ತು ಮುಗಿಯಲಿ, ಕೊಡುತ್ತೇನೆ ಎಂದಿದ್ದೇನೆ. ಬಿಡದೆ ಪ್ರತಿ ಶನಿವಾರ ಬಂದು ಅದು ಇದ್ದಲ್ಲೇ ಇದೆಯೇ ಎಂದು ನೋಡಿ ಹೋಗುತ್ತಾಳೆ.

ಪ್ರಯೋಜನಕರವಾದ ಜ್ಞಾನವನ್ನು ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ, ಅದರ ದಾರಿಯಲ್ಲಿ ಬೀಗವಾಗಿ ನಿಲ್ಲದಂತೆ ನಮ್ಮನ್ನು ಕಾಪಾಡಲಿ. ಆಮೀನ್.